ಗೂಗಲ್, ಅನಾಲಿಟಿಕ್ಸ್, ಸೋಶಿಯಲ್ ಮೀಡಿಯಾ: ಮಂಗಳೂರು, ಉಡುಪಿಯ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಅಂಗಡಿ, ಹೋಟೆಲ್, ಹೋಮ್‌ಸ್ಟೇ, ಕ್ಲಿನಿಕ್, ಕ್ಯಾಟರಿಂಗ್‌ನವರು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. ಅವಕ್ಕೆ ಉತ್ತರ ಇಲ್ಲಿ ಬರೆದಿದ್ದೇವೆ. ನಾವು ಎಲ್ಲ ಕಡೆ ನೋಡುವುದು ಒಂದನ್ನೇ: ಇದರಿಂದ ಫೋನ್ ಬಂತಾ, ಆರ್ಡರ್ ಬಂತಾ, ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಿದರಾ? ಲೈಕು, ವ್ಯೂಸು ಎಲ್ಲ ಆಮೇಲೆ.

ಎಸ್‌ಇಒ ಅಂದ್ರೆ ಎಂತ? ನಮ್ಮ ಸಣ್ಣ ಅಂಗಡಿಗೂ ಬೇಕಾ?

ಗಿರಾಕಿ ಗೂಗಲ್‌ನಲ್ಲಿ ಹುಡುಕಿದಾಗ ನಿಮ್ಮ ಅಂಗಡಿ ಕಣ್ಣಿಗೆ ಬೀಳುವ ಹಾಗೆ ಮಾಡುವ ಕೆಲಸ. ಜಾಹೀರಾತಿಗೆ ದುಡ್ಡು ಕಟ್ಟದೆ ಸಿಗುವ ಜಾಗ ಇದು. ಕಂಕನಾಡಿಯಲ್ಲಿ ಬೈಕ್ ಕೆಟ್ಟು ನಿಂತವರು ಮೊದಲು ತೆಗೆಯುವುದು ಫೋನ್. "ಬೈಕ್ ರಿಪೇರಿ ನಿಯರ್ ಮಿ" ಅಂತ ಹುಡುಕಿದಾಗ ನೀವು ಕಾಣದಿದ್ದರೆ ಆ ಗಿರಾಕಿ ಬೇರೆಯವರ ಪಾಲು. ಸಣ್ಣ ಅಂಗಡಿಗೇ ಇದು ಜಾಸ್ತಿ ಬೇಕು, ಯಾಕೆಂದರೆ ಹೋರ್ಡಿಂಗ್ ಹಾಕಿಸುವ ಬಜೆಟ್ ಅವರಲ್ಲಿ ಇರುವುದಿಲ್ಲ.

ವೆಬ್‌ಸೈಟ್ ಇಲ್ಲದೆ ಶುರು ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಶುರು ಮಾಡಿ. ಗೂಗಲ್ ಸರ್ಚ್, ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು, ವಿಳಾಸ, ಸಮಯ ತೋರಿಸುವ ಪುಟ ಇದು. 2021ರ ತನಕ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ಪೂರ್ತಿ ಉಚಿತ. "ಲಿಸ್ಟಿಂಗ್ ಉಳಿಯಬೇಕಾದರೆ ಹಣ ಕಟ್ಟಿ" ಎಂದು ಗೂಗಲ್ ಹೆಸರಿನಲ್ಲಿ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಎಷ್ಟು ಹೊಂದಿಕೆ ಇದೆ, ಹುಡುಕುವವರಿಂದ ನೀವು ಎಷ್ಟು ದೂರ, ನಿಮ್ಮ ಹೆಸರು ಎಷ್ಟು ಮಂದಿಗೆ ಗೊತ್ತು. ದೂರ ನಮ್ಮ ಕೈಯಲ್ಲಿಲ್ಲ. ಹಂಪನಕಟ್ಟೆಯಲ್ಲಿ ನಿಂತು ಬೇಕರಿ ಹುಡುಕುವವರಿಗೆ ಸುರತ್ಕಲ್‌ನ ಬೇಕರಿ ಮೊದಲು ಬರಲಿ ಎಂದು ಆಸೆಪಟ್ಟರೆ ಆಗುವುದಿಲ್ಲ. ಉಳಿದ ಎರಡಕ್ಕೆ ನೀವೇ ದುಡಿಯಬಹುದು.

ವಿಭಾಗ ಸರಿಯಾಗಿ ಆರಿಸಿ. ಮೀನೂಟದ ಹೋಟೆಲಿಗೆ ಬರೀ "ರೆಸ್ಟೋರೆಂಟ್" ಸಾಲದು, "ಸೀಫುಡ್ ರೆಸ್ಟೋರೆಂಟ್" ಎಂಬುದೇ ಬೇರೆ ಇದೆ. ಸಮಯ ಸರಿಯಾಗಿರಲಿ. ಚೌತಿ, ದೀಪಾವಳಿ, ಬಂದ್, ಮಳೆಯ ರೆಡ್ ಅಲರ್ಟ್, ಯಾವ ಕಾರಣಕ್ಕೆ ಬಾಗಿಲು ಹಾಕಿದರೂ ಆ ದಿನದ ಸಮಯ ಬದಲಿಸಿ. "ಓಪನ್" ಎಂದು ನೋಡಿ ಬಂದು ಮುಚ್ಚಿದ ಶಟರ್ ನೋಡಿದವರು ಒಂದು ಸ್ಟಾರ್ ಕೊಟ್ಟೇ ಹೋಗುತ್ತಾರೆ.

ಇನ್ನೊಂದು, ಪಿನ್. ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿ ಅಂಗಡಿ ಇದ್ದು, ಮ್ಯಾಪ್‌ನಲ್ಲಿ ಪಿನ್ ರಸ್ತೆಯ ಆಚೆ ಬದಿಗೆ ಬಿದ್ದಿದ್ದರೆ ಕಥೆ ಮುಗಿಯಿತು. ನಡುವೆ ಡಿವೈಡರ್. ಗಿರಾಕಿಗೆ ಎದುರಿಗೆ ಬೋರ್ಡ್ ಕಾಣುತ್ತದೆ, ಬರಲಿಕ್ಕೆ ಮಾತ್ರ ಮುಂದಿನ ಯೂ ಟರ್ನ್ ತನಕ ಹೋಗಿ ತಿರುಗಬೇಕು. ಕೆಲವರು ಹಾಗೇ ಮುಂದೆ ಹೋಗಿಬಿಡುತ್ತಾರೆ. ಇವತ್ತೇ ನಿಮ್ಮ ಅಂಗಡಿಗೆ ಎರಡೂ ಕಡೆಯಿಂದ ಡೈರೆಕ್ಷನ್ ಹಾಕಿ ನೋಡಿ.

ಅಂಗಡಿ ಹೆಸರಿಗೆ "ಬೆಸ್ಟ್ ಇನ್ ಮ್ಯಾಂಗಲೋರ್" ಅಂತ ಸೇರಿಸಿದರೆ ಮೇಲೆ ಬರ್ತದಾ?

ಬೇಡ. ಬೋರ್ಡ್‌ನಲ್ಲಿ ಇರುವ ಹೆಸರನ್ನೇ ಹಾಕಬೇಕು ಎಂಬುದು ಗೂಗಲ್ ನಿಯಮ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಸಸ್ಪೆಂಡ್ ಆಗಬಹುದು.

ಮ್ಯಾಂಗಲೋರ್ ಅಂತ ಬರೆಯೋದಾ, ಮಂಗಳೂರು ಅಂತಲಾ?

ಎರಡೂ. 2014ರ ನವೆಂಬರ್ 1ರಿಂದ ಊರಿನ ಹೆಸರು ಇಂಗ್ಲಿಷಿನಲ್ಲೂ ಮಂಗಳೂರು ಎಂದೇ ಆಗಿದೆ. ಆದರೆ ಹುಡುಕುವವರು ಹಳೆಯ ಹೆಸರನ್ನು ಬಿಟ್ಟಿಲ್ಲ. ತಿಂಡಿಗಳ ವಿಷಯದಲ್ಲಂತೂ "ಮ್ಯಾಂಗಲೋರ್ ಬನ್ಸ್" ಎಂದೇ ಹುಡುಕುತ್ತಾರೆ. ವಿಳಾಸ, ಗೂಗಲ್ ಫಲಿತಾಂಶದಲ್ಲಿ ಕಾಣುವ ಪುಟದ ಟೈಟಲ್‌ನಲ್ಲಿ ಈಗಿನ ಹೆಸರು ಹಾಕಿ, ಪುಟದ ಒಳಗೆ ಮಾತಿನ ನಡುವೆ ಹಳೆಯದೂ ಬರಲಿ. ಹತ್ತು ಸಲ ತುರುಕಬೇಕಾಗಿಲ್ಲ.

ಉಡುಪಿಯವರ ಸಮಸ್ಯೆ ಬೇರೆ. "ಉಡುಪಿ ಹೋಟೆಲ್" ಎಂದು ಹುಡುಕಿದರೆ ಮುಂಬೈಯಲ್ಲೂ ಬರುತ್ತದೆ, ಚೆನ್ನೈಯಲ್ಲೂ ಬರುತ್ತದೆ, ವಿದೇಶದಲ್ಲೂ ಬರುತ್ತದೆ. ಆ ಹೆಸರು ಊರನ್ನು ದಾಟಿ ಒಂದು ಬಗೆಯ ಊಟದ ಹೆಸರಾಗಿದೆ. ಹಾಗಾಗಿ ಉಡುಪಿಯಲ್ಲೇ ಇರುವ ಹೋಟೆಲಿನವರು ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು: ರಥಬೀದಿ, ಕಲ್ಸಂಕ, ಕುಂಜಿಬೆಟ್ಟು, ಮಲ್ಪೆ, ಮಣಿಪಾಲ ಟೈಗರ್ ಸರ್ಕಲ್. "ಕೃಷ್ಣ ಮಠದ ಪಾರ್ಕಿಂಗ್‌ನಿಂದ ನಡೆದು ಬರಬಹುದು" ಎಂಬ ಒಂದು ಸಾಲು ಹೊರಗಿನಿಂದ ಬರುವವರಿಗೆ ಎಷ್ಟು ಅನುಕೂಲ ನೋಡಿ. ಅವರು ಹುಡುಕುವುದೂ ಹಾಗೆಯೇ.

ವೆಬ್‌ಸೈಟ್ ಕನ್ನಡದಲ್ಲಿ ಬೇಕಾ, ಇಂಗ್ಲಿಷ್ ಸಾಕಾ?

ಗಿರಾಕಿ ಯಾರು ಎಂಬುದರ ಮೇಲೆ ಹೋಗುತ್ತದೆ. ಮಣಿಪಾಲದ ವಿದ್ಯಾರ್ಥಿಗಳಿಗೆ ಪಿಜಿ ನಡೆಸುವವರಿಗೆ ಇಂಗ್ಲಿಷ್ ಸಾಕು. ಅಡಿಕೆ ಸುಲಿಯುವ ಯಂತ್ರ, ನರ್ಸರಿ ಗಿಡ, ಆಯುರ್ವೇದ ಔಷಧಿ, ಮದುವೆ ಹಾಲ್ ಇಂಥದ್ದಕ್ಕೆಲ್ಲ ಕನ್ನಡ ಪುಟ ಖಂಡಿತ ಬೇಕು. ಕನ್ನಡದಲ್ಲಿ ಪೈಪೋಟಿ ಕಡಿಮೆ. ಒಳ್ಳೆಯ ಕನ್ನಡ ಪುಟ ಮೇಲೆ ಬರುವುದು ಇಂಗ್ಲಿಷ್ ಪುಟಕ್ಕಿಂತ ಸುಲಭ ಎಂಬುದು ನಮ್ಮ ಅನುಭವ. ಎರಡು ಭಾಷೆಯಲ್ಲಿ ಮಾಡುವುದಾದರೆ ಎರಡಕ್ಕೂ ಬೇರೆ ಬೇರೆ ಪುಟ ಇರಲಿ, ಒಂದೇ ಪುಟದಲ್ಲಿ ಕಲಸಬೇಡಿ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಊರಿನ ಡಿಟಿಪಿ ಸೆಂಟರುಗಳಲ್ಲಿ ಇವತ್ತಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುವವರು ತುಂಬಾ ಜನ ಇದ್ದಾರೆ. ಕಾಗದದಲ್ಲಿ ಅಚ್ಚು ಹಾಕಲು ಅದು ಚೆನ್ನಾಗಿದೆ. ಆದರೆ ಆ ಫಾಂಟು ಕಣ್ಣಿಗೆ ಕನ್ನಡ ತೋರಿಸುತ್ತದೆ ಅಷ್ಟೆ, ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅದೇ ಫೈಲನ್ನು ವೆಬ್‌ಸೈಟಿಗೆ ಹಾಕಿದರೆ ಗೂಗಲ್‌ಗೆ ಒಂದು ಪದವೂ ಅರ್ಥವಾಗುವುದಿಲ್ಲ. ಎಲ್ಲ ಫೋನ್, ಕಂಪ್ಯೂಟರಿಗೂ ಕನ್ನಡವಾಗಿಯೇ ಅರ್ಥವಾಗುವ ಯೂನಿಕೋಡ್ ಕನ್ನಡವೇ ಬೇಕು. ಪರೀಕ್ಷೆ ಸುಲಭ: ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಯಾಪ್‌ಗೆ ಪೇಸ್ಟ್ ಮಾಡಿ. ಕನ್ನಡ ಬಂದರೆ ಸರಿ. ಅಡ್ಡಾದಿಡ್ಡಿ ಅಕ್ಷರ ಬಂದರೆ ಗೂಗಲ್ ಓದುತ್ತಿರುವುದೂ ಅದನ್ನೇ.

ಪೋಸ್ಟರ್ ಮಾಡಿಸಿ ಅದನ್ನೇ ಪುಟವಾಗಿ ಹಾಕುವವರಿಗೂ ಇದೇ ಮಾತು. ಚಿತ್ರದೊಳಗಿನ ದರಪಟ್ಟಿಯನ್ನು ನಂಬಿ ಕೂರಬೇಡಿ, ಅಕ್ಷರದಲ್ಲಿ ಟೈಪ್ ಮಾಡಿ ಹಾಕಿ.

ವೆಬ್‌ಸೈಟ್ ಮಾಡಿಸಿ ಆರು ತಿಂಗಳಾಯ್ತು. ಗೂಗಲ್‌ನಲ್ಲಿ ಬರ್ತಾನೇ ಇಲ್ಲ, ಯಾಕೆ?

ಮೊದಲು ಪುಟ ಗೂಗಲ್‌ನ ಪಟ್ಟಿಗೆ ಸೇರಿದೆಯಾ ನೋಡಿ. ಸರ್ಚ್ ಬಾಕ್ಸಿನಲ್ಲಿ ಇಂಗ್ಲಿಷಿನಲ್ಲಿ "ಸೈಟ್" ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೈನ್ ಹೆಸರು (ವೆಬ್‌ಸೈಟಿನ ವಿಳಾಸ) ಹಾಕಿ. ನಿಮ್ಮ ಪುಟಗಳು ಬಂದರೆ ಸೇರಿದೆ. ಏನೂ ಬಾರದಿದ್ದರೆ ಮುಖ್ಯ ಅನುಮಾನ "ನೋಇಂಡೆಕ್ಸ್" ಮೇಲೆ, ಅಂದರೆ ಈ ಪುಟವನ್ನು ಪಟ್ಟಿಗೆ ಸೇರಿಸಬೇಡ ಎಂದು ಗೂಗಲ್‌ಗೆ ಹೇಳುವ ಗುರುತು. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟ ಹೊರಗೆ ಕಾಣದಿರಲಿ ಎಂದು ಡಿಸೈನರ್ ಇದನ್ನು ಹಾಕಿರುತ್ತಾರೆ, ಕೊನೆಗೆ ತೆಗೆಯಲು ಮರೆಯುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಇದು ರೀಡಿಂಗ್ ಸೆಟ್ಟಿಂಗ್ಸ್‌ನ ಒಂದು ಟಿಕ್ ಅಷ್ಟೆ.

ಪುಟ ಸೇರಿದ್ದೂ ಮೇಲೆ ಬರುತ್ತಿಲ್ಲ ಎಂದಾದರೆ ಟೈಟಲ್ ನೋಡಿ. ಎಷ್ಟೋ ಸೈಟುಗಳ ಟೈಟಲ್ "ಹೋಮ್" ಅಥವಾ "ವೆಲ್‌ಕಮ್" ಎಂದಿರುತ್ತದೆ. ಅದರ ಬದಲು "ಮಲ್ಪೆ ಬೀಚ್ ಹತ್ತಿರ ಕುಟುಂಬಕ್ಕೆ ಹೋಮ್‌ಸ್ಟೇ, ಮನೆ ಊಟ ಸಹಿತ" ಎಂದು ಬರೆದರೆ ಗೂಗಲ್‌ಗೂ ಗೊತ್ತಾಗುತ್ತದೆ, ಓದುವವರಿಗೂ. ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡ್‌ನಲ್ಲಿ ಕಣ್ಣಿಗೆ ಕಾಣದ ಹಾಗೆ ಬರೆಯುವ ಹುಡುಕು ಪದಗಳ ಪಟ್ಟಿ) ತುಂಬಿಸುತ್ತೇವೆ ಎಂದು ಹಣ ಕೇಳಿದರೆ ಕೊಡಬೇಡಿ. ಅದನ್ನು ರ್‍ಯಾಂಕಿಂಗ್‌ಗೆ ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಆಮೇಲೆ ಫೋಟೋ. ಕ್ಯಾಮೆರಾದಿಂದ ತೆಗೆದದ್ದನ್ನು ಹಾಗೇ ಏರಿಸಿದರೆ ಘಟ್ಟದ ರಸ್ತೆಯಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವ ಫೋನಿನಲ್ಲಿ ಪುಟ ತೆರೆಯುವುದೇ ಇಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಗುರಿ. ಫೋಟೋ ಸಣ್ಣದು ಮಾಡಿ ಹಾಕಿ. ಗೂಗಲ್ ಈಗ ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ ನೋಡಿ ತೂಗುತ್ತದೆ. ಹಾಗಾಗಿ ಡಿಸೈನರ್ ದೊಡ್ಡ ಸ್ಕ್ರೀನಿನಲ್ಲಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ, ನಿಮ್ಮದೇ ಫೋನಿನಲ್ಲಿ ತೆರೆದು ನೋಡಿ.

"ಒಂದು ತಿಂಗಳಲ್ಲಿ ಫಸ್ಟ್ ಪೇಜ್, ಗ್ಯಾರಂಟಿ" ಅಂತಾರೆ. ನಂಬಬಹುದಾ?

ನಂಬಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲೇ ಬರೆದಿಟ್ಟಿದೆ. ಸಾಮಾನ್ಯವಾಗಿ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಬೇಗ ಮಾಡಿಕೊಡುತ್ತೇವೆ ಎನ್ನುವವರು ಹಲವು ಸಲ ಮಾಡುವುದು ಲಿಂಕ್ ಖರೀದಿ, ಅಂದರೆ ಬೇರೆ ಸೈಟಿನವರಿಗೆ ದುಡ್ಡು ಕೊಟ್ಟು ನಿಮ್ಮ ಸೈಟಿಗೆ ಲಿಂಕ್ ಹಾಕಿಸುವುದು. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಸೈಟಿನ ಮರ್ಯಾದೆ, ಅವರದ್ದಲ್ಲ.

ಸರ್ಚ್ ಕನ್ಸೋಲ್, ಅನಾಲಿಟಿಕ್ಸ್ ಎರಡೂ ಬೇಕಾ?

ಬೇಕು, ಎರಡೂ ಉಚಿತ. ಗಿರಾಕಿ ನಿಮ್ಮ ಸೈಟಿಗೆ ಬರುವ ಮೊದಲು ಗೂಗಲ್‌ನಲ್ಲಿ ಏನಾಯಿತು ಎಂಬುದು ಸರ್ಚ್ ಕನ್ಸೋಲ್‌ನಲ್ಲಿ: ಯಾವ ಪದಕ್ಕೆ ಎಷ್ಟು ಸಲ ಕಂಡಿರಿ, ಎಷ್ಟು ಮಂದಿ ಒತ್ತಿದರು. ಬಂದ ಮೇಲೆ ಏನು ಮಾಡಿದರು ಎಂಬುದು ಅನಾಲಿಟಿಕ್ಸ್‌ನಲ್ಲಿ.

ಸಣ್ಣ ವ್ಯಾಪಾರಕ್ಕೆ ಸರ್ಚ್ ಕನ್ಸೋಲ್ ಜಾಸ್ತಿ ಉಪಯೋಗ ಎಂದು ನಾವು ಹೇಳುತ್ತೇವೆ. ಒಂದು ತಿಂಡಿ ವ್ಯಾಪಾರ ಎಂದಿಟ್ಟುಕೊಳ್ಳಿ. ಕ್ವೆರಿಗಳ, ಅಂದರೆ ಜನ ಹುಡುಕಿದ ಪದಗಳ ಪಟ್ಟಿಯಲ್ಲಿ "ಹಲಸಿನ ಹಪ್ಪಳ ಕೊರಿಯರ್ ಬೆಂಗಳೂರು" ಎಂಬುದು ಮೇಲಿಂದ ಮೇಲೆ ಕಾಣುತ್ತದೆ, ಕ್ಲಿಕ್ ಮಾತ್ರ ಇಲ್ಲ. ಅಂದರೆ ಜನ ಕೇಳುತ್ತಿದ್ದಾರೆ, ನಿಮ್ಮ ಪುಟದಲ್ಲಿ ಕೊರಿಯರ್ ಬಗ್ಗೆ ಒಂದಕ್ಷರ ಇಲ್ಲ. ಎಷ್ಟು ದಿನಕ್ಕೆ ತಲುಪುತ್ತದೆ, ಚಾರ್ಜ್ ಎಷ್ಟು, ಹಪ್ಪಳ ಮುರಿಯದ ಹಾಗೆ ಹೇಗೆ ಕಟ್ಟುತ್ತೀರಿ ಎಂದು ಒಂದು ಪುಟ ಬರೆಯಿರಿ. ಯಾವ ವಿಷಯಕ್ಕೆ ಬರೆಯಬೇಕು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ.

ಅನಾಲಿಟಿಕ್ಸ್ ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ನಿಂತಿದೆ, ಈಗ ಇರುವುದು ಜಿಎ4. ಹಾಕಿದ ದಿನವೇ ಎರಡು ಕೆಲಸ ಮಾಡಿ. ಡೇಟಾ ರಿಟೆನ್ಷನ್ (ವಿವರಗಳನ್ನು ಎಷ್ಟು ಕಾಲ ಉಳಿಸಿಡಬೇಕು ಎಂಬ ಸೆಟ್ಟಿಂಗ್) ಸುಮ್ನೆ ಬಿಟ್ಟರೆ 2 ತಿಂಗಳು, ಅದನ್ನು 14 ತಿಂಗಳಿಗೆ ಬದಲಿಸಿ. ಫೋನ್ ಬಟನ್, ವಾಟ್ಸ್ಯಾಪ್ ಬಟನ್ ಒತ್ತುವುದನ್ನು "ಕೀ ಇವೆಂಟ್", ಅಂದರೆ ಮುಖ್ಯವಾಗಿ ಲೆಕ್ಕ ಇಡಬೇಕಾದದ್ದು ಎಂದು ಗುರುತು ಮಾಡಿ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಎಷ್ಟು ಜನ ಆ ಬಟನ್ ಒತ್ತಿದರು ಎಂಬ ಲೆಕ್ಕ ನಿಮಗೆ ಬೇಕಾದದ್ದು.

ಅನಾಲಿಟಿಕ್ಸ್‌ನಲ್ಲಿ ಬೆಂಗಳೂರಿನವರೇ ಜಾಸ್ತಿ ತೋರಿಸ್ತದೆ. ನಮ್ಮ ಗಿರಾಕಿ ಎಲ್ಲ ಇಲ್ಲಿಯವರಲ್ವಾ?

ಊರಿನ ಲೆಕ್ಕ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ನಂಬರ್) ಬರುತ್ತದೆ. ಮೊಬೈಲ್ ಡೇಟಾದಲ್ಲಿ ಇರುವವರ ಐಪಿ ಬೆಂಗಳೂರು ಎಂದು ತೋರಿಸುವುದು ಮಾಮೂಲು. ಕಾಪುವಿನಲ್ಲಿ ಕೂತು ನೋಡಿದವರೂ ಬೆಂಗಳೂರಿನವರಾಗಿ ಕಾಣಬಹುದು. ನಗರದ ಲೆಕ್ಕವನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ದೇಶದ ಲೆಕ್ಕ ಇದಕ್ಕಿಂತ ಗಟ್ಟಿ. ಅಲ್ಲಿ ಯುಎಇ, ಕುವೈತ್, ಕತಾರ್ ಕಂಡರೆ ಕಡೆಗಣಿಸಬೇಡಿ. ಅವರು ನಮ್ಮವರೇ. ರಜೆಯಲ್ಲಿ ಊರಿಗೆ ಬಂದು ಮದುವೆ, ಗೃಹಪ್ರವೇಶ ಮಾಡುವವರು ಅಲ್ಲಿಂದಲೇ ಹಾಲ್, ಕ್ಯಾಟರಿಂಗ್, ಚಿನ್ನ, ಫ್ಲ್ಯಾಟ್ ಹುಡುಕುತ್ತಾರೆ. ಅವರಿಗಾಗಿ ನಂಬರಿನ ಮುಂದೆ +91 ಹಾಕಿ. ಬರೀ ಹತ್ತು ಅಂಕಿ ಇದ್ದರೆ ದುಬೈಯಿಂದ ಒತ್ತಿದಾಗ ಕರೆ ಹೋಗುವುದಿಲ್ಲ.

ಎಲ್ಲಿಂದ ಬಂದರು ಎಂದು ಅನಾಲಿಟಿಕ್ಸ್‌ಗೆ ಗೊತ್ತಾಗದವರ "ಡೈರೆಕ್ಟ್" ಲೆಕ್ಕದಲ್ಲಿ ದೊಡ್ಡ ಸಂಖ್ಯೆ ಕಂಡರೂ ಗಾಬರಿ ಬೇಡ. ವಾಟ್ಸ್ಯಾಪ್ ಗ್ರೂಪಿನ ಲಿಂಕ್ ಒತ್ತಿ ಬಂದವರು ಹೆಚ್ಚಾಗಿ ಅದರಲ್ಲೇ ಸೇರಿಹೋಗುತ್ತಾರೆ. ಲಿಂಕಿನ ಕೊನೆಗೆ ಯುಟಿಎಂ ಟ್ಯಾಗ್ (ಎಲ್ಲಿಂದ ಬಂದರು ಎಂದು ತಿಳಿಸುವ ಸಣ್ಣ ಗುರುತು) ಸೇರಿಸಿ ಹಂಚಿದರೆ ಯಾವುದು ವಾಟ್ಸ್ಯಾಪ್, ಯಾವುದು ಇನ್‌ಸ್ಟಾಗ್ರಾಂ, ಯಾವುದು ಕೌಂಟರಿನ ಕ್ಯೂಆರ್ ಎಂದು ಬೇರೆ ಬೇರೆ ಸಿಗುತ್ತದೆ.

ಜೂನ್ ಬಂದ ಕೂಡಲೇ ಸೈಟಿಗೆ ಬರುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಗೂಗಲ್ ಅಪ್‌ಡೇಟಾ?

ಮೊದಲು ಕಿಟಕಿಯ ಹೊರಗೆ ನೋಡಿ. ಮಳೆ ಶುರುವಾದರೆ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟ್ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೀಚ್ ಹೋಮ್‌ಸ್ಟೇ, ಮೀನಿನ ಹೋಟೆಲುಗಳನ್ನು ಹುಡುಕುವವರು ತನ್ನಿಂತಾನೇ ಕಡಿಮೆಯಾಗುತ್ತಾರೆ. ಮೇ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಜೂನ್ ಜೊತೆ ಹೋಲಿಸಿ. ಆಗಲೂ ಇಳಿದಿದ್ದರೆ ಯೋಚಿಸುವ ವಿಷಯ.

ಉಡುಪಿಯ ವಸತಿ ವ್ಯಾಪಾರಕ್ಕೆ ಹಿಂದಿನ ವರ್ಷದ ಲೆಕ್ಕವೂ ಮೋಸ ಮಾಡುತ್ತದೆ. ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ಉತ್ಸವ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. 2024ರಲ್ಲಿ ಆಯಿತು, 2026ರಲ್ಲಿ ಆಯಿತು. ಪರ್ಯಾಯದ ಜನವರಿಯನ್ನು ಪರ್ಯಾಯ ಇಲ್ಲದ ಜನವರಿಯ ಜೊತೆ ಇಟ್ಟರೆ ಒಂದು ವರ್ಷ ಸೈಟ್ ಹಾರಿದ ಹಾಗೆ, ಮರುವರ್ಷ ಬಿದ್ದ ಹಾಗೆ ಕಾಣುತ್ತದೆ. ಎರಡು ವರ್ಷದ ಹಿಂದಿನ ಜನವರಿ ಬೇಕು. ಸರ್ಚ್ ಕನ್ಸೋಲ್ ಇಟ್ಟುಕೊಳ್ಳುವುದು 16 ತಿಂಗಳ ಲೆಕ್ಕ ಮಾತ್ರ! ಆದ್ದರಿಂದ ಪ್ರತಿ ಪರ್ಯಾಯ ಮುಗಿದ ಮೇಲೆ ಡಿಸೆಂಬರ್, ಜನವರಿಯ ರಿಪೋರ್ಟ್ ಡೌನ್‌ಲೋಡ್ ಮಾಡಿ ತೆಗೆದಿಡಿ. ಮುಂದಿನ ಸಲ ಜನ ಯಾವ ವಾರದಿಂದ ರೂಮ್ ಹುಡುಕಲು ಶುರು ಮಾಡುತ್ತಾರೆ ಎಂಬುದು ಅದರಿಂದ ಗೊತ್ತಾಗುತ್ತದೆ.

ರಿವ್ಯೂಗೆ ಡಿಸ್ಕೌಂಟ್ ಕೊಡಬಹುದಾ? ಕೆಟ್ಟ ರಿವ್ಯೂ ಬಂದರೆ?

ರಿವ್ಯೂಗೆ ಪ್ರತಿಯಾಗಿ ಡಿಸ್ಕೌಂಟ್, ಐಸ್‌ಕ್ರೀಂ, ಏನೂ ಕೊಡುವಂತಿಲ್ಲ. ಖುಷಿಯಾದವರಿಂದ ಮಾತ್ರ ಆರಿಸಿ ಕೇಳುವುದೂ ಗೂಗಲ್ ನಿಯಮಕ್ಕೆ ವಿರುದ್ಧ. ನಕಲಿ ರಿವ್ಯೂ ತಡೆಯಲು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ. ಬಿಲ್ ಕೊಡುವಾಗ ಎಲ್ಲರಿಗೂ ಕ್ಯೂಆರ್ ತೋರಿಸಿ, "ಒಂದು ಮಾತು ಬರೆಯಿರಿ" ಎಂದು ಕೇಳಿ. ಅಷ್ಟು ಸಾಕು.

ಕೆಟ್ಟ ರಿವ್ಯೂಗೆ ಜಗಳಕ್ಕೆ ಇಳಿಯಬೇಡಿ ಮಾರಾಯ್ರೆ. ಉತ್ತರವನ್ನು ಬರೆದವರಿಗಿಂತ ಮುಂದೆ ಓದುವವರಿಗಾಗಿ ಬರೆಯಿರಿ. "ಊಟ ಬರಲು ತಡ" ಎಂದು ಬರೆದಿದ್ದರೆ: "ತಡವಾದದ್ದಕ್ಕೆ ಕ್ಷಮಿಸಿ. ಭಾನುವಾರ ಮಧ್ಯಾಹ್ನ 1ರಿಂದ 2.30ರ ತನಕ ರಶ್ ಇರುತ್ತದೆ. ಮೊದಲೇ ಫೋನ್ ಮಾಡಿದರೆ ಟೇಬಲ್ ಇಟ್ಟಿರುತ್ತೇವೆ." ಓದಿದ ಮುಂದಿನ ಗಿರಾಕಿ ಯಾವಾಗ ಬರಬೇಕು ಎಂದು ತಿಳಿದುಕೊಂಡೇ ಬರುತ್ತಾರೆ.

ಫೇಸ್‌ಬುಕ್ಕಾ, ಇನ್‌ಸ್ಟಾಗ್ರಾಮಾ, ವಾಟ್ಸ್ಯಾಪ್ಪಾ?

ಎಲ್ಲ ಕಡೆ ಅರೆಬರೆ ಇರುವುದಕ್ಕಿಂತ ಒಂದೆರಡು ಕಡೆ ಸರಿಯಾಗಿ ಇರಿ. ಬಟ್ಟೆ, ಕೇಕ್, ಮೇಕಪ್, ಹೋಮ್‌ಸ್ಟೇ: ಇನ್‌ಸ್ಟಾಗ್ರಾಂ. ಗಿರಾಕಿ ಸ್ವಲ್ಪ ವಯಸ್ಸಾದವರಾದರೆ ಫೇಸ್‌ಬುಕ್ ಇನ್ನೂ ನಡೆಯುತ್ತದೆ. ವಾಟ್ಸ್ಯಾಪ್ ಬಿಸಿನೆಸ್ ಎಲ್ಲರಿಗೂ ಬೇಕು. ಅದರ ಕ್ಯಾಟಲಾಗ್‌ನಲ್ಲಿ ಸಾಮಾನಿನ ಫೋಟೋ, ರೇಟು ಹಾಕಿಟ್ಟರೆ "ರೇಟ್ ಎಷ್ಟು" ಎಂಬ ಪ್ರಶ್ನೆಗೆ ದಿನವಿಡೀ ಉತ್ತರ ಟೈಪ್ ಮಾಡುವುದು ತಪ್ಪುತ್ತದೆ. ರೇಟು ಹೇಳದೆ "ಡಿಎಂ ಮಾಡಿ" ಎನ್ನುವ ಅಭ್ಯಾಸ ಬಿಡಿ, ಎಷ್ಟೋ ಗಿರಾಕಿಗಳು ಅಲ್ಲೇ ಹಿಂದೆ ಸರಿಯುತ್ತಾರೆ.

2025ರ ಜುಲೈಯಿಂದ ಪ್ರೊಫೆಷನಲ್ ಖಾತೆಗಳ ಸಾರ್ವಜನಿಕ ಇನ್‌ಸ್ಟಾಗ್ರಾಂ ಪೋಸ್ಟ್‌ಗಳು ಗೂಗಲ್ ಸರ್ಚ್‌ನಲ್ಲೂ ಬರಬಹುದು. ಹಾಗಾಗಿ ಕ್ಯಾಪ್ಶನ್‌ನಲ್ಲಿ ಬರೀ ಇಮೋಜಿ ಹಾಕಬೇಡಿ. ಏನು, ಎಲ್ಲಿ, ಎಷ್ಟು ಎಂದು ಬರೆಯಿರಿ.

ತುಳುವಿನಲ್ಲಿ ರೀಲ್ಸ್ ಮಾಡಿದರೆ ಗಿರಾಕಿ ಕಡಿಮೆ ಆಗ್ತಾರಾ?

ನಿಮ್ಮ ಗಿರಾಕಿ ಇಲ್ಲಿಯವರೇ ಆದರೆ ತುಳುವಿನಲ್ಲೇ ಮಾಡಿ. ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡಕ್ಕೂ ಇದೇ ಮಾತು. ಮಾತು ತುಳುವಿನಲ್ಲಿರಲಿ, ಸ್ಕ್ರೀನಿನ ಮೇಲೆ ಕನ್ನಡ ಅಥವಾ ಇಂಗ್ಲಿಷ್ ಸಾಲು ಬರಲಿ.

ಫಾಲೋವರ್ಸ್ ಖರೀದಿ ಮಾಡಬಹುದಾ?

ಬೇಡ. ಅವರು ನಿಮ್ಮ ಅಂಗಡಿಗೆ ಬರುವವರಲ್ಲ.

ಫುಡ್ ವ್ಲಾಗರ್ ಕರೆಸಿದರೆ ಒಳ್ಳೆಯದಾ?

ಒಳ್ಳೆಯದೇ, ಅವರನ್ನು ನೋಡುವವರು ನಿಮ್ಮ ಊರಿನವರಾದರೆ. ಫಾಲೋವರ್ ಸಂಖ್ಯೆ ಕೇಳುವ ಮೊದಲು ಯಾವ ಊರಿನವರು ನೋಡುತ್ತಾರೆ ಎಂಬ ಇನ್‌ಸೈಟ್ಸ್ ಕೇಳಿ. ಹಣ ಕೊಟ್ಟರೂ, ಬರೀ ಊಟ ಪುಕ್ಕಟೆ ಕೊಟ್ಟರೂ ಅದನ್ನು ವೀಡಿಯೋದಲ್ಲಿ ಸ್ಪಷ್ಟವಾಗಿ ಹೇಳಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಈ ಮಾರ್ಗಸೂಚಿ ಕೊಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ.

ದುಡ್ಡು ಕಟ್ಟಿ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಫೇಸ್‌ಬುಕ್, ಇನ್‌ಸ್ಟಾಗ್ರಾಂನ ಬೂಸ್ಟ್ ಬಟನ್ ಒತ್ತಿದರೆ ಸಾಕಾ?

ಏನು ಬೇಕು ಎಂದು ಹೇಳದೆ ಒತ್ತಿದರೆ ಲೈಕ್ ಬರುತ್ತದೆ, ಗಿರಾಕಿ ಬರುವುದಿಲ್ಲ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ "ವಾಟ್ಸ್ಯಾಪ್ ಮೆಸೇಜ್ ಬರಬೇಕು" ಎಂದು ಗುರಿ ಆರಿಸಿ. ಬೇಕರಿಗೆ ಸುತ್ತಲಿನ ಕೆಲವು ಕಿಲೋಮೀಟರ್ ಸಾಕು. ಹೋಮ್‌ಸ್ಟೇಗೆ ಬೆಂಗಳೂರಿನವರಿಗೆ ತೋರಿಸಿ, ಅದೂ ವೀಕೆಂಡ್ ಪ್ಲಾನ್ ಮಾಡುವ ವಾರದ ಮಧ್ಯದಲ್ಲಿ.

ಈಗ ಎಐ ಉತ್ತರ ಮೇಲೆಯೇ ಬರ್ತದಲ್ಲ. ಎಸ್‌ಇಒ ಸತ್ತುಹೋಯ್ತಾ?

ಭಾರತದಲ್ಲಿ ಗೂಗಲ್‌ನ ಎಐ ಓವರ್‌ವ್ಯೂ 2024ರ ಆಗಸ್ಟ್‌ನಲ್ಲಿ ಬಂತು. "ನೀರ್ ದೋಸೆ ಮಾಡುವುದು ಹೇಗೆ" ಎಂಬಂಥ ಪ್ರಶ್ನೆಗೆ ಮೇಲೆಯೇ ಉತ್ತರ ಸಿಗುವುದರಿಂದ ಕ್ಲಿಕ್ ಕಡಿಮೆಯಾಗಬಹುದು. ಆದರೆ ನೀರ್ ದೋಸೆ ತಿನ್ನಬೇಕಾದವರು ಹೋಟೆಲಿಗೇ ಬರಬೇಕು ಅಲ್ವಾ? ಎಐಗೂ ಮಾಹಿತಿ ಬರುವುದು ಇಂಥ ಪುಟಗಳಿಂದಲೇ. ದರ, ಸಮಯ, ಪಾರ್ಕಿಂಗ್, ಎಲ್ಲಿದೆ ಎಂಬುದನ್ನು ಅಕ್ಷರದಲ್ಲಿ ಸರಿಯಾಗಿ ಬರೆದಿಡಿ. ಎಐಗೆಂದೇ ಬೇರೆ ಪ್ಯಾಕೇಜ್ ಕೊಳ್ಳಬೇಡಿ.

ಏಜೆನ್ಸಿಗೆ ಕೊಡುವಾಗ ಯಾವುದು ನಮ್ಮ ಹೆಸರಿನಲ್ಲಿರಬೇಕು?

ಎಲ್ಲವೂ. ಡೊಮೈನ್, ಹೋಸ್ಟಿಂಗ್ (ಸೈಟಿನ ಫೈಲು ಇಡುವ ಬಾಡಿಗೆ ಜಾಗ), ಬಿಸಿನೆಸ್ ಪ್ರೊಫೈಲ್, ಸರ್ಚ್ ಕನ್ಸೋಲ್, ಅನಾಲಿಟಿಕ್ಸ್, ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ. ನಿಮ್ಮದೇ ಇಮೇಲ್‌ನಿಂದ ನೀವು ಓನರ್ ಆಗಿ, ಅವರನ್ನು ಮ್ಯಾನೇಜರ್ ಆಗಿ ಸೇರಿಸಿ. ಡೊಮೈನನ್ನು ಡಿಸೈನರ್ ತಮ್ಮ ಹೆಸರಿನಲ್ಲಿ ತೆಗೆದಿದ್ದು, ಆಮೇಲೆ ಅವರು ಫೋನ್ ಎತ್ತದೆ, ರಿನ್ಯೂವಲ್ ತಪ್ಪಿ ವರ್ಷಗಟ್ಟಲೆ ಕಟ್ಟಿದ ಸೈಟ್ ಕಳೆದುಕೊಂಡವರಿದ್ದಾರೆ. ತುಂಬಾ ಬೇಸರದ ವಿಷಯ ಇದು, ಮೊದಲ ದಿನವೇ ತಪ್ಪಿಸಬಹುದಾದದ್ದು.

ಹಳೆಯ ಏಜೆನ್ಸಿಯವರು ಬಿಸಿನೆಸ್ ಪ್ರೊಫೈಲ್ ಬಿಟ್ಟುಕೊಡ್ತಾ ಇಲ್ಲ. ಎಂತ ಮಾಡೋದು?

ಗೂಗಲ್‌ನಲ್ಲಿ ನಿಮ್ಮ ಪ್ರೊಫೈಲ್ ಹುಡುಕಿ ಓನರ್‌ಶಿಪ್‌ಗೆ ರಿಕ್ವೆಸ್ಟ್ ಕಳಿಸಿ. ಈಗ ಓನರ್ ಆಗಿರುವವರಿಗೆ ಉತ್ತರಿಸಲು 3 ದಿನ ಇರುತ್ತದೆ. ಅವರು ಸುಮ್ಮನಿದ್ದರೆ ನೀವೇ ವೆರಿಫೈ ಮಾಡಿ ಪಡೆಯುವ ಅವಕಾಶ ಬರಬಹುದು. ಈಗ ಹೆಚ್ಚಾಗಿ ವೀಡಿಯೋ ಕೇಳುತ್ತಾರೆ: ರಸ್ತೆ, ಅಂಗಡಿಯ ಬೋರ್ಡ್, ಒಳಗಿನ ಸಾಮಾನು, ನೀವೇ ಬೀಗ ತೆಗೆಯುವುದು ಅಥವಾ ಗಲ್ಲಾದಲ್ಲಿ ಕೂರುವುದು, ಎಲ್ಲ ಕಟ್ ಮಾಡದೆ ಒಂದೇ ಓಟದಲ್ಲಿ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ತೆಗೆದರೆ ಸುಲಭ, ಆಗ ಗಿರಾಕಿಗಳ ಮುಖವೂ ಬೀಳುವುದಿಲ್ಲ.